ಒಡೆಯದೆ ಉಳಿದ ಕುಂಬಳಕಾಯಿ

ಅಕ್ಕಾ,

ನಿನ್ನ ಗ್ಯಾರೇಜಿನಲ್ಲಿ, ನಿನ್ನದೇ ಮಡಚುವ ಕುರ್ಚಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಸೊಂಟ ಹಿಡಿದಿದೆ, ಶೂ ಇನ್ನೂ ಒಣಗಿಲ್ಲ, ಉಗುರಿನ ಸಂದಿಯಲ್ಲಿ ನಿನ್ನ ಈ ಕ್ಯಾರಿ ಊರಿನ ಕೆಂಪು ಜೇಡಿಮಣ್ಣು ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಹ್ಯಾಲೊವೀನ್ ನಿನ್ನೆ ಮುಗಿಯಿತು. ನಿನಗೆ ಎರಡು ವಿಷಯ ಹೇಳಬೇಕು. ಒಂದು, ನಾನು ಹೋದ ವರ್ಷ ಮಾಡಿದ ತಪ್ಪು. ಇನ್ನೊಂದು, ನಿನ್ನೆ ಸಂಜೆಯವರೆಗೆ ನನಗೂ ಗೊತ್ತಿಲ್ಲದಿದ್ದ ಸುದ್ದಿ. ನೀನಿದ್ದರೆ, "ಮೊದ್ಲ ತಪ್ಪು ಒಪ್ಕೋ, ಆಮ್ಯಾಲೆ ಚಹಾ ಕುಡಿ" ಅನ್ನುತ್ತಿದ್ದೆ. ನನಗೆ ಅಷ್ಟು ಧೈರ್ಯ ಎಲ್ಲಿದೆ? ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೈಯದೆ ಓದು.

ನೀನು ಮೊದಲ ಹೊಸ ಕಾರು ತಂದ ವರ್ಷದ ಖಂಡೇನವಮಿ ನೆನಪಿದೆಯಾ? ನಾನು ಅಮೆರಿಕಕ್ಕೆ ಎಂ.ಎಸ್. ಮಾಡಲು ಬಂದು, ಹಾಸ್ಟೆಲಿನ ಊಟ ಸೇರದೆ, ಪ್ರತಿ ಶನಿವಾರ ನಿನ್ನ ಮನೆಗೆ ಬಂದು ಬೀಳುತ್ತಿದ್ದ ಕಾಲ. ಗದಗಿನಲ್ಲಿ ಅಪ್ಪ ಸೈಕಲ್ಲಿಗೂ ಬೂದಗುಂಬಳ ಒಡೆಯುತ್ತಿದ್ದ, ಇಷ್ಟು ದೊಡ್ಡ ಕಾರಿಗೆ ಒಡೆಯದಿದ್ದರೆ ಹೇಗೆ ಅಂತ ನೀನು ಹಟ ಹಿಡಿದೆ. ಬೂದಗುಂಬಳ ಇಲ್ಲೆಲ್ಲಿ ಸಿಗಬೇಕು? ಆದರೆ ಅಕ್ಟೋಬರ್ ತಿಂಗಳು, ಅಂಗಡಿಗಳ ಮುಂದೆ ಕೇಸರಿ ಕುಂಬಳಕಾಯಿಗಳ ಗುಡ್ಡೆ. ಒಂದನ್ನು ತಂದು, ಮೇಲೊಂದು ಚೌಕ ಕೊರೆದು, ಒಳಗೆ ಒಂದು ಡಬ್ಬಿ ಕುಂಕುಮ ಸುರಿದು ನೀರು ಹಾಕಿದೆ. ಕಾರಿಗೆ ಮೂರು ಸುತ್ತು ನಿವಾಳಿಸಿ ಮನೆಮುಂದಿನ ಡ್ರೈವ್‌ವೇ ಮೇಲೆ ಎತ್ತಿ ಹಾಕಿದೆ ನೋಡು, ಅದು ಗ್ಯಾರೇಜಿನ ಬಾಗಿಲವರೆಗೆ ಸಿಡಿಯಿತು. ಆಗಲೇ ಪಕ್ಕದ ಮನೆಯ ಬೆಟ್ಟಿ ನಾಯಿ ಹಿಡಿದುಕೊಂಡು ಹೊರಗೆ ಬಂದಳು. ಇನ್ನೇನು ಪೊಲೀಸರನ್ನು ಕರೆಯುತ್ತಾಳೆ ಅಂತ ನಾನು ಕಾರಿನ ಹಿಂದೆ ಸರಿದೆ. ಅವಳು ಕಣ್ಣರಳಿಸಿ ನೋಡಿ, ಡಾಕ್ಟರ್, ಈ ಬೀದಿಯಲ್ಲೇ ಇಷ್ಟು ಚೆನ್ನಾದ ಹ್ಯಾಲೊವೀನ್ ಅಲಂಕಾರ ಯಾರೂ ಮಾಡಿಲ್ಲ, ರಕ್ತ ಹೇಗೆ ಮಾಡಿದೆ ಅಂತ ಕೇಳಿದಳು. ನೀನು ಮುಖದ ಒಂದು ಗೆರೆಯೂ ಅಲುಗದಂತೆ, ನಮ್ಮ ಮನೆತನದ ಗುಟ್ಟು ಅಂದೆ. ಎಲ್ಲ ಶುರುವಾದದ್ದು ಅಲ್ಲಿಂದ.

ಆ ಕುಂಕುಮದ ಕಲೆ ಸಂಕ್ರಾಂತಿಯವರೆಗೂ ಹೋಗಲಿಲ್ಲ. ಆಗಿನ್ನೂ ಮಾಮಾ ಇದ್ದರು; ಪಾಪ, ನಿನ್ನನ್ನು ಕಟ್ಟಿಕೊಂಡ ತಪ್ಪಿಗೆ ವಾರಕ್ಕೊಮ್ಮೆ ಬ್ರಶ್ ಹಿಡಿದು ತಿಕ್ಕುತ್ತಿದ್ದರು. ಮರುವರ್ಷ ನೀನು ಅವ್ವನ ಆರತಿ ತಟ್ಟೆಯ ಓಕುಳಿ ನೆನಪು ಮಾಡಿಕೊಂಡೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದು. ಸುಣ್ಣದ ಬದಲು ಅಡುಗೆ ಸೋಡಾ ಹಾಕಿದೆ. ಹುಡುಗರನ್ನು ಸುತ್ತ ನಿಲ್ಲಿಸಿಕೊಂಡು, ಹಳದಿ ನೀರಿಗೆ ಒಂದು ಚಮಚ ಬಿಳಿ ಪುಡಿ ಹಾಕಿ ಅದು ಕಣ್ಣೆದುರೇ ರಕ್ತವಾಗುವುದನ್ನು ತೋರಿಸುತ್ತಿದ್ದೆ. ಎಷ್ಟು ಹುಡುಗರು ಅದನ್ನು ಸ್ಕೂಲಿನ ಸೈನ್ಸ್ ಪ್ರಾಜೆಕ್ಟಿಗೆ ಕದ್ದರೋ ಲೆಕ್ಕವಿಲ್ಲ. ಮಳೆ ಬಿದ್ದರೆ ಸೋಡಾ ತೊಳೆದುಹೋಗಿ ಮತ್ತೆ ಹಳದಿ ಉಳಿಯುತ್ತಿತ್ತು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೋ, ಕೊನೆಗೆ ಬೇಕಾಗುತ್ತದೆ.

ಒಂದು ವರ್ಷ ನಾನು ನಿನ್ನನ್ನು ಕೆಣಕಿದ್ದೆ. ಕಾರಿಗೆ ಒಡೆಯುವ ಕುಂಬಳಕಾಯಿ ಸರಿ, ಹ್ಯಾಲೊವೀನ್ ದಿನ ವೇಷ ಹಾಕಿಕೊಂಡು ಚಾಕ್ಲೇಟು ಕೇಳಲು ಬರುವ ಬೀದಿಯ ಹುಡುಗರನ್ನೆಲ್ಲ ಎಂಟು ಗಂಟೆಗೆ ಸಾಲಾಗಿ ನಿಲ್ಲಿಸಿ, ಅವರ ಸುತ್ತ ಮೂರು ಸಲ ತಿರುಗಿಸಿ ಒಡೆಯುತ್ತೀಯಲ್ಲ, ಇದು ಯಾವ ಶಾಸ್ತ್ರ ಅಂತ. ಅವರ ಅಪ್ಪ ಅಮ್ಮಂದಿರು ಅದನ್ನೊಂದು ಆಟ ಅಂದುಕೊಂಡು ಫೋಟೊ ತೆಗೆಯುತ್ತಿದ್ದರು. ನೀನು ನನ್ನನ್ನು ಪಕ್ಕಕ್ಕೆ ಎಳೆದು ಮೆಲ್ಲಗೆ ಹೇಳಿದ್ದೆ: "ಇಲ್ಲಿ ಹುಡುಗ್ರಿಗೆ ದೃಷ್ಟಿ ಆಗಂಗಿಲ್ಲೇನು? ಎಷ್ಟ ಛಂದ ಅದಾರ ನೋಡ. ಇವರ ಅವ್ವಂದ್ರಿಗೆ ತಗಿಯಾಕ ಬರಂಗಿಲ್ಲ, ನಾ ತಗೀತೀನಿ." ದಿನವಿಡೀ ಕ್ಲಿನಿಕ್ಕಿನಲ್ಲಿ ಅವರಿಗೆ ಲಸಿಕೆ ಚುಚ್ಚುವ ಮಕ್ಕಳ ಡಾಕ್ಟರು ಸಂಜೆ ಅವರ ದೃಷ್ಟಿ ತೆಗೆಯುತ್ತಿದ್ದಳು, ಅದೂ ಅವರಿಗೆ ಗೊತ್ತಾಗದ ಹಾಗೆ. ನಾನು ನಕ್ಕಿದ್ದೆ. ಆದರೂ ಪ್ರತಿ ವರ್ಷ ಮೊದಲ ಸುತ್ತು ನನಗೇ ಇರುತ್ತಿತ್ತು. "ನಿಲ್ಲಲೇ ತಮ್ಮಾ, ಅಲುಗಾಡಬ್ಯಾಡ" ಅಂತ ನೀನು ಗದರಿಸುತ್ತಿದ್ದೆ. ನಾನು ಗೊಣಗುತ್ತ ನಿಲ್ಲುತ್ತಿದ್ದೆ. ನೀನು ಹಾಗೆ ಕೂಗಿ ಕೂಗಿ ಈ ಬೀದಿಯವರಿಗೆ ನಾನು ಮಿಸ್ಟರ್ ಟಾಮ್ ಆಗಿಬಿಟ್ಟೆ, ನಾನು ಅಕ್ಕಾ ಅಂತ ಕೂಗಿ ನೀನು ಎಲ್ಲರಿಗೂ ಡಾಕ್ಟರ್ ಅಕ್ಕ ಆದೆ.

ಅಂಗಳದಲ್ಲಿ ಮೂರು ರಾಕ್ಷಸರನ್ನು ಮೊದಲ ಸಲ ನಿಲ್ಲಿಸಿದ ದಿನ ಎಷ್ಟು ಜಗಳವಾಡಿದ್ದೆವು. ಟೊಮೆಟೊ ಬಳ್ಳಿಗೆ ಆಸರೆ ಕೊಡುವ ತಂತಿ ಬುಟ್ಟಿಗಳನ್ನು ತಲೆಕೆಳಗೆ ನಿಲ್ಲಿಸಿ, ನಿನ್ನ ಹಳೆಯ ಬಿಳಿ ಕೋಟು ತೊಡಿಸಿ, ಮೇಲೆ ಕುಂಬಳಕಾಯಿಯ ತಲೆ. ಆ ತಲೆಗಳಿಗೆ ಇಲ್ಲಿಯವರ ಹಾಗೆ ಹಲ್ಲು ಕೊರೆಯಲು ನೀನು ಒಪ್ಪಲಿಲ್ಲ. ನಮ್ಮಲ್ಲಿ ಮನೆ ಕಟ್ಟುವಾಗ ತೂಗುಹಾಕುವ ದೃಷ್ಟಿಗೊಂಬೆಯ ಹಾಗೆ ಕಪ್ಪು ಬಣ್ಣದಲ್ಲಿ ಹುರಿಮೀಸೆ, ಉಬ್ಬಿದ ಕಣ್ಣು, ಹೊರಗೆ ಚಾಚಿದ ಕೆಂಪು ನಾಲಿಗೆ ಬರೆದೆ. ನಾವು ಚಿಕ್ಕವರಿದ್ದಾಗ ಹೆದರುತ್ತಿದ್ದವರ ಹೆಸರನ್ನೇ ಇಟ್ಟೆವು: ಗಣಿತದ ಮಾಸ್ತರ, ಸೂಜಿ ಕಂಪೌಂಡರ, ಕೆನ್ನೆ ಹಿಂಡುವ ದೊಡ್ಡವ್ವ. ನಾನು ಗಾಳಿಯ ಒತ್ತಡ ಲೆಕ್ಕ ಹಾಕಿ, ನೆಲಕ್ಕೆ ಕಬ್ಬಿಣದ ಸರಳು ಹೊಡೆದು ಬಿಗಿಯುತ್ತಿದ್ದರೆ ನೀನು ಮಂಡಕ್ಕಿಯ ಗಿರ್ಮಿಟ್ ಕಲಸುತ್ತ ಬಾಗಿಲಲ್ಲಿ ನಿಂತು, "ತಮ್ಮಾ, ಬ್ರಿಜ್ ಕಟ್ಟಾಕತ್ತೀಯೇನು?" ಅಂದಿದ್ದೆ. ಮೂವತ್ತು ವರ್ಷ ಬ್ರಿಜ್ಜನ್ನೇ ಕಟ್ಟಿದವನಿಗೆ ಈ ಮಾತು! ಹುಡುಗರಿಗೆ ಚಾಕ್ಲೇಟು, ಅವರ ಅಪ್ಪ ಅಮ್ಮಂದಿರಿಗೆ ಪೇಪರ್ ಕಪ್ಪಿನಲ್ಲಿ ಗಿರ್ಮಿಟ್. ಬೆಟ್ಟಿ ಎರಡು ಕಪ್ಪು ತಿಂದು, ಮೂರನೆಯದನ್ನು ನಾಯಿಗೆ ಅಂತ ಒಯ್ಯುತ್ತಿದ್ದಳು. ನಾಯಿ ಸತ್ತ ಮೇಲೂ ಒಯ್ದಳು.

ಕೊರೊನಾದ ಮೊದಲ ವರ್ಷ ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದಾಗ ನೀನು ಏನು ಮಾಡಿದೆ ಹೇಳು? "ಹುಡುಗ್ರು ಆರು ತಿಂಗಳಿಂದ ಮನ್ಯಾಗ ಅದಾರ, ಅವಕ್ಕ ಇದೊಂದರ ಬ್ಯಾಡೇನು?" ಅಂತ ನನ್ನನ್ನು ಪ್ಲಂಬಿಂಗ್ ಸಾಮಾನಿನ ಅಂಗಡಿಗೆ ಓಡಿಸಿದೆ. ನಾನು ಹತ್ತು ಅಡಿಯ ಪಿವಿಸಿ ಪೈಪು ತಂದೆ. ವರಾಂಡದ ಕಂಬಕ್ಕೆ ಓರೆಯಾಗಿ ಕಟ್ಟಿ, ಕೆಳತುದಿಗೆ ಹಾವಿನ ಬಾಯಿ ಮಾಡಿದೆವು. ನೀನು ಮಾಸ್ಕ್ ಹಾಕಿಕೊಂಡು ಮೇಲಿಂದ ಚಾಕ್ಲೇಟು ಬಿಟ್ಟರೆ ಅದು ಕಡಕಡ ಸದ್ದು ಮಾಡುತ್ತ ಇಳಿದು ಹುಡುಗರ ಚೀಲಕ್ಕೆ ಬೀಳುತ್ತಿತ್ತು. ನನ್ನಾಕೆ ಲಲಿತಾ ತೀರಿಕೊಂಡದ್ದು ಅದರ ಹಿಂದಿನ ಚಳಿಗಾಲ. ಒಂಟಿ ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದ ನನ್ನನ್ನು ನೀನು ಆ ಪೈಪಿನ ನೆಪದಲ್ಲೇ ಇಲ್ಲಿಗೆ ಕರೆಸಿಕೊಂಡೆ ಅಂತ ನನಗೆ ಆಮೇಲೆ ಹೊಳೆಯಿತು. ಹ್ಯಾಲೊವೀನ್ ಮುಗಿದರೂ ವಾಪಸ್ ಹೋಗು ಅಂತ ನೀನು ಹೇಳಲಿಲ್ಲ. ನಾನೂ ಕೇಳಲಿಲ್ಲ. ನನ್ನ ಸಾಮಾನು ಒಂದೊಂದಾಗಿ ಬಂದು ಸೇರಿತು.

ಇನ್ನು ಎಷ್ಟು ಸುತ್ತಲಿ? ಹೋದ ವರ್ಷಕ್ಕೆ ಬರುತ್ತೇನೆ.

ಆ ಮಧ್ಯಾಹ್ನ ನೀನು ಕಿಟಕಿಯ ಪಕ್ಕ ಕೂತು ಮಳೆ ನೋಡುತ್ತಿದ್ದೆ. ಕೀಮೋದ ನಾಲ್ಕನೆಯ ಸುತ್ತು ಮುಗಿದು ಒಂಬತ್ತು ದಿನವಾಗಿತ್ತು. ರಕ್ತದ ರಿಪೋರ್ಟಿನಲ್ಲಿ ಬಿಳಿಕಣಗಳು ನೆಲ ಕಚ್ಚಿದ್ದವು. ಈ ಸಲ ರಾಕ್ಷಸರು ಬೇಡ, ಮಳೆ ಗಾಳಿ ಜೋರಿದೆ ಅಂತ ನಾನು ಖಡಾಖಂಡಿತ ಹೇಳಿದೆ. ನೀನು ಆಶ್ಚರ್ಯವೆಂಬಂತೆ ಒಪ್ಪಿಕೊಂಡೆ. ಆದರೆ ಚಾಕ್ಲೇಟಿನ ಬುಟ್ಟಿ ಮತ್ತು ಒಂದು ಕುಂಬಳಕಾಯಿ ಬೇಕೇ ಬೇಕು ಅಂದೆ. ಮಕ್ಕಳೆಂದರೆ ನೆಗಡಿ, ಕೆಮ್ಮು, ನಿನಗೆ ಈಗ ಒಂದು ಜ್ವರ ಬಂದರೂ ಕಷ್ಟ ಅಂತ ನಾನು ರೇಗಿದೆ. "ನಾ ಡಾಕ್ಟರ್ ಅದೀನಿ, ನೀ ಅಲ್ಲ" ಅಂತ ನೀನು ಬಾಯಿ ಮುಚ್ಚಿಸಿದೆ. ಸಂಜೆ ಬಿಳಿ ಕೋಟು ಹಾಕಿಕೊಂಡು, ಕೂದಲು ಉದುರಿದ ತಲೆಗೆ ಅವ್ವನ ಇಳಕಲ್ ಸೀರೆಯ ತುಂಡು ಕಟ್ಟಿಕೊಂಡು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಎದುರಿನ ಕುರ್ಚಿಯಲ್ಲಿ ಕೂತೆ. ಕಾಲ ಬಳಿ ಕುಂಬಳಕಾಯಿ. ಅದಕ್ಕೆ ನೀನೇ ನಡುಗುವ ಕೈಯಿಂದ ಮೀಸೆ ಬರೆದಿದ್ದೆ, ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ.

ನೀನು ಕುಂಬಳಕಾಯಿಗೆ ಅರಿಶಿನ ತರಲು ಒಳಗೆ ಹೋದಾಗ ನಾನು ವರಾಂಡದ ಲೈಟು ಆರಿಸಿದೆ, ಅಕ್ಕಾ.

ಈ ಊರಿನ ನಿಯಮ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಲೈಟು ಉರಿಯುತ್ತಿದ್ದರೆ ಹುಡುಗರು ಬಂದು ಬೆಲ್ ಮಾಡಬಹುದು. ಆರಿದ್ದರೆ ಆ ಮನೆಗೆ ಬರಬಾರದು. ನಾನು ಲೈಟು ಆರಿಸಿ, ಕಿಟಕಿಯ ಪರದೆ ಎಳೆದು, ಟಿವಿಯ ದನಿ ಜೋರು ಮಾಡಿದೆ. ನೀನು ಕಾಯುತ್ತ ಕೂತೆ. ಆರೂವರೆ ಆಯಿತು, ಏಳಾಯಿತು. ಆಗಾಗ ಬುಟ್ಟಿಯಲ್ಲಿನ ಚಾಕ್ಲೇಟುಗಳನ್ನು ಕೈಯಾಡಿಸಿ ಸರಿ ಮಾಡುತ್ತಿದ್ದೆ. ನಾನು ಪೇಪರ್ ಹಿಡಿದುಕೊಂಡು ಒಂದೇ ಪುಟವನ್ನು ಎರಡು ಗಂಟೆ ಓದಿದೆ. ಎಂಟರ ಹೊತ್ತಿಗೆ ಹೊರಗೆ ಧಡ್ ಅಂತ ಏನೋ ಬಿತ್ತು. "ಏನದು ಸಪ್ಪಳ?" ಅಂದೆ ನೀನು. ಗಾಳಿಗೆ ಯಾರದೋ ಕಸದ ಡಬ್ಬಿ ಬಿತ್ತು ಅಂದೆ ನಾನು. ಸ್ವಲ್ಪ ಹೊತ್ತು ಬಿಟ್ಟು ನೀನು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟೆ. "ಪಾಪ, ಇಂಥಾ ಮಳ್ಯಾಗ ಹುಡುಗ್ರು ಹೆಂಗ ಬರ್ತಾವು? ಇರ್ಲಿ ಬಿಡ." ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಿನ್ನ ಕುರ್ಚಿಯಿಂದ ಆ ಸ್ವಿಚ್ಚು ಕಾಣುತ್ತಿತ್ತಾ? ಗೊತ್ತಿದ್ದೂ ಸುಮ್ಮನಿದ್ದೆಯಾ, ಇಲ್ಲಾ ನಿಜವಾಗಿಯೂ...

ಮರುದಿನ ಬೆಳಿಗ್ಗೆ ನೀನು ಮಲಗಿದ್ದಾಗ ನಾನು ಪತ್ರಿಕೆ ತರಲು ಹೊರಗೆ ಹೋದೆ. ನಮ್ಮ ಡ್ರೈವ್‌ವೇ ತುದಿಯಲ್ಲಿ, ಅಂಚೆ ಪೆಟ್ಟಿಗೆಯ ಬುಡದಲ್ಲಿ ಯಾರೋ ಕುಂಬಳಕಾಯಿ ಒಡೆದು ಹಾಕಿದ್ದರು. ತಿರುಳು, ಬೀಜ, ಸಿಪ್ಪೆ ಎಲ್ಲ ಚೆಲ್ಲಾಪಿಲ್ಲಿ. ಇಲ್ಲಿಯ ಪುಂಡು ಹುಡುಗರು ಹ್ಯಾಲೊವೀನ್ ದಿನ ಕಂಡವರ ಕುಂಬಳಕಾಯಿ ಒಡೆಯುವುದು ಹೊಸದಲ್ಲವಲ್ಲ. ಕಾಯಿಲೆಯವರ ಮನೆಯ ಮುಂದೆ ಇದೆಂಥ ಕುಚೇಷ್ಟೆ ಅಂತ ಬೈದುಕೊಂಡು, ನಿನಗೆ ಕಾಣಬಾರದು ಅಂತ ಕಸಬರಿಗೆ ತಂದು ಚೊಕ್ಕ ಗುಡಿಸಿದೆ. ಸಪ್ಪಳಕ್ಕೆ ಎಚ್ಚರಾಗಿ ನೀನು ಒಳಗಿನಿಂದ, "ಏನ್ ಮಾಡಾಕತ್ತೀ ಅಲ್ಲೆ?" ಅಂತ ಕೇಳಿದೆ. ಎಲೆ ಗುಡಿಸ್ತಿದೀನಿ ಅಂದೆ. ಎರಡು ದಿನದಲ್ಲಿ ಎರಡನೆಯ ಸುಳ್ಳು. ನೀನು ಮೀಸೆ ಬರೆದಿದ್ದ ಕುಂಬಳಕಾಯಿ ಗ್ಯಾರೇಜಿನಲ್ಲಿ ದೀಪಾವಳಿ ಕಳೆಯುವವರೆಗೂ ಹಾಗೇ ಇತ್ತು. ಆಮೇಲೆ ಮೆತ್ತಗಾಯಿತು, ಎಸೆದೆ. ಮಾರ್ಚಿನಲ್ಲಿ ನೀನು ಹೋದೆ. ಜ್ವರದಿಂದಲ್ಲ, ನೆಗಡಿಯಿಂದಲ್ಲ. ಇದ್ದ ಕಾಯಿಲೆಯಿಂದಲೇ. ನಾನು ಲೈಟು ಆರಿಸಿ ಉಳಿಸಿದ್ದು ಏನು, ಹೇಳು? ನಿನ್ನ ಕೊನೆಯ ಹ್ಯಾಲೊವೀನಿನ ಎರಡು ಗಂಟೆಯನ್ನು ನಾನು ಕದ್ದೆ. ದೃಷ್ಟಿ ಗಿಷ್ಟಿ ನಾನು ನಂಬುವವನಲ್ಲ. ಆದರೂ ಆ ವರ್ಷ ಕುಂಬಳಕಾಯಿ ಒಡೆಯದೆ ಉಳಿಯಿತಲ್ಲ ಅನ್ನುವುದು ಏಳು ತಿಂಗಳು ನನ್ನನ್ನು ಚುಚ್ಚುತ್ತಲೇ ಇತ್ತು.

ಈ ವರ್ಷದ ವಿಷಯಕ್ಕೆ ಬರುತ್ತೇನೆ. ಮೊನ್ನೆ ರಾಕ್ಷಸರ ಪೆಟ್ಟಿಗೆ ತೆರೆದರೆ ಮುಚ್ಚಳದ ಒಳಬದಿಗೆ ನೀನು ಅಂಟಿಸಿದ್ದ ಚೀಟಿ. ನಿನ್ನ ಔಷಧಿ ಚೀಟಿಯ ಅಕ್ಷರ, ನಾನೊಬ್ಬನೇ ಓದಬಲ್ಲೆ. 'ಮೊದಲು ಮಾಸ್ತರ, ಆಮೇಲೆ ಕಂಪೌಂಡರ, ಕೊನೆಗೆ ದೊಡ್ಡವ್ವ. ಗಾಳಿ ಇದ್ದರೆ ತಮ್ಮನ ಮಾತು ಕೇಳಬೇಕು. ಇಲ್ಲದಿದ್ದರೆ ಕೇಳಬಾರದು.' ಗಾಳಿ ಇತ್ತು, ಅಕ್ಕಾ. ಹೋದ ವರ್ಷದ ಮಳೆ ಇದರ ಮುಂದೆ ಏನೂ ಅಲ್ಲ. ದಕ್ಷಿಣದ ಸಮುದ್ರದಲ್ಲಿ ಎದ್ದ ಬಿರುಗಾಳಿಯ ಬಾಲ ಇತ್ತ ತಿರುಗಿ ಮೂರು ದಿನ ಬಿಡದೆ ಸುರಿಯಿತು. ಫೋನು ಗಂಟೆಗೊಮ್ಮೆ ಅರಚಿಕೊಂಡು ಎಚ್ಚರಿಕೆ ಕೊಡುತ್ತಿತ್ತು. ಬೀದಿಯವರು ಗಾಳಿ ತುಂಬಿದ ದೊಡ್ಡ ದೊಡ್ಡ ಬೊಂಬೆಗಳನ್ನೆಲ್ಲ ಗಾಳಿ ತೆಗೆದು ಒಳಗೆ ಒಯ್ದರು. ನಾನು ಮಾತ್ರ ರೇನ್‌ಕೋಟು ಹಾಕಿಕೊಂಡು ಹೊರಗೆ ಹೊರಟೆ. ನೋಡಿದವರು ಈ ವಯಸ್ಸಿನಲ್ಲಿ ಇವನಿಗೆ ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು.

ಸರಳು ಹೊಡೆದರೆ ನಿಲ್ಲಲೊಲ್ಲದು. ನೆನೆದ ಜೇಡಿಮಣ್ಣು ಬೆಣ್ಣೆಯಾಗಿತ್ತು, ಇತ್ತ ಹೊಡೆದರೆ ಅತ್ತ ಜಾರುತ್ತಿತ್ತು. ಮಾಸ್ತರ ಎರಡು ಸಲ ಮುಗ್ಗರಿಸಿದ. ಕಂಪೌಂಡರನ ತಲೆ ಕಿತ್ತುಕೊಂಡು ಡ್ರೈವ್‌ವೇ ಇಳಿಜಾರಿನಲ್ಲಿ ಉರುಳುತ್ತ ಹೋಗಿ ಚರಂಡಿಯ ಬಾಯಿಗೆ ಸಿಕ್ಕಿಕೊಂಡಿತು. ನಾನು ಹಿಂದೆ ಓಡಿದೆ, ಜಾರಿ ಕೂತೆ. ಕೂತಲ್ಲೇ ನಗು ಬಂತು, ಆಮೇಲೆ ಅಳು ಬಂತು. ಮಳೆಯಲ್ಲಿ ಕೂತು ಅಳುವುದರಲ್ಲಿ ಒಂದು ಅನುಕೂಲ, ಯಾರಿಗೂ ಗೊತ್ತಾಗುವುದಿಲ್ಲ. ಕೊನೆಗೆ ಸರಳುಗಳನ್ನು ಬಿಟ್ಟು, ಹಿತ್ತಲಿನ ಸಿಮೆಂಟಿನ ಇಟ್ಟಿಗೆಗಳನ್ನು ತಂದು ಬುಟ್ಟಿಯ ಬುಡಕ್ಕೆ ಹೇರಿದೆ. ಮೀನು ಹಿಡಿಯುವ ದಾರದಿಂದ ಮೂರು ದಿಕ್ಕಿಗೆ ಎಳೆದು, ಮರಕ್ಕೊಂದು, ವರಾಂಡದ ಕಂಬಕ್ಕೊಂದು, ಅಂಚೆ ಪೆಟ್ಟಿಗೆಗೊಂದು ಕಟ್ಟಿದೆ. ಬಿಳಿ ಕೋಟುಗಳು ನೆನೆದು ಮೈಗಂಟಿ ರಾಕ್ಷಸರು ಮೊದಲಿಗಿಂತ ಭಯಂಕರವಾಗಿ ಕಾಣುತ್ತಿದ್ದರು. ದೊಡ್ಡವ್ವನ ಮೀಸೆಯ ಬಣ್ಣ ಇಳಿದು ಗಲ್ಲದವರೆಗೆ ಗಡ್ಡವಾಯಿತು. ಹಾವಿನ ಪೈಪನ್ನೂ ಕಟ್ಟಿದೆ. ಹುಡುಗರು ಮೆಟ್ಟಿಲು ಹತ್ತಿ ಜಾರಬಾರದು ನೋಡು.

ಸಂಜೆ ಐದೂವರೆಗೇ ವರಾಂಡದ ಲೈಟು ಹಾಕಿದೆ. ಹಾಕಿ, ಸ್ವಿಚ್ಚಿನ ಮೇಲೆ ಅಗಲವಾದ ಟೇಪು ಅಂಟಿಸಿದೆ, ನನ್ನ ಕೈಯನ್ನೇ ನಾನು ನಂಬಲಿಲ್ಲ. ಗಿರ್ಮಿಟ್ ಕಲಸಿದೆ. ಉಪ್ಪು ಜಾಸ್ತಿಯಾಯಿತು, ಮಂಡಕ್ಕಿ ಈ ಹವೆಗೆ ಮೆತ್ತಗಾಯಿತು. ಆರು ಗಂಟೆಗೆ ನಿನ್ನ ಕುರ್ಚಿಯಲ್ಲಿ ಬುಟ್ಟಿ ಹಿಡಿದು ಕೂತೆ. ಯಾರೂ ಇಲ್ಲ. ಆರೂವರೆ, ಏಳು ಗಂಟೆ. ಮಳೆ ನೀರು ಪೈಪಿನೊಳಗಿಂದ ಹಾವಿನ ಬಾಯಿಗೆ ಇಳಿದು ತೊಟ್ಟಿಕ್ಕುತ್ತಿತ್ತು. ಹೋದ ವರ್ಷ ನೀನು ಕೂತ ಹಾಗೆ ಈ ವರ್ಷ ನಾನು ಕೂತಿದ್ದೆ. ನನಗೆ ತಕ್ಕ ಶಾಸ್ತಿಯೇ ಆಯಿತು ಅನ್ನಿಸಿತು.

ಏಳೂ ಇಪ್ಪತ್ತಕ್ಕೆ ಟಾರ್ಚುಗಳು ಕಂಡವು. ಮೂರು ಮನೆ ಆಚೆಯ ಶಿಲ್ಪಾ ನೆನಪಿದ್ದಾಳಲ್ಲ, ಮೈಸೂರಿನವಳು, ಮಗಳು ನಿಶಾಳ ಪ್ರತಿ ಕೆಮ್ಮಿಗೂ ನಿನ್ನ ಬಾಗಿಲು ತಟ್ಟುತ್ತಿದ್ದವಳು? ಅವಳೇ ಮುಂದೆ. ಹಿಂದೆ ಬೀದಿಯ ಹುಡುಗರೆಲ್ಲ, ವೇಷದ ಮೇಲೆ ರೇನ್‌ಕೋಟು, ರೇನ್‌ಕೋಟಿನ ಮೇಲೆ ರೆಕ್ಕೆ. ನಿಶಾಗೆ ಈಗ ಹನ್ನೊಂದು ವರ್ಷ. ಬಿಳಿ ಕೋಟು ಹಾಕಿ, ತಲೆಗೊಂದು ಕೆಂಪು ಬಟ್ಟೆ ಕಟ್ಟಿ, ಕೊರಳಿಗೆ ಆಟದ ಸ್ಟೆತಾಸ್ಕೋಪು ಹಾಕಿಕೊಂಡಿದ್ದಳು. ಯಾರ ವೇಷ ಅಂತ ನಾನು ಕೇಳಬೇಕಾಗಲಿಲ್ಲ. ಅವಳೇ, "ಐ ಆ್ಯಮ್ ಡಾಕ್ಟರ್ ಅಕ್ಕ" ಅಂದಳು. ಚಾಕ್ಲೇಟು ಪೈಪಿನಲ್ಲಿ ಇಳಿದವು, ಗಿರ್ಮಿಟ್ ಖಾಲಿಯಾಯಿತು, ಉಪ್ಪಿನ ಮಾತನ್ನು ಯಾರೂ ಎತ್ತಲಿಲ್ಲ. ಎಂಟಾಗುತ್ತಿದ್ದಂತೆ ಹುಡುಗರು ಯಾರೂ ಹೇಳದೆಯೇ ಸಾಲಾಗಿ ನಿಂತರು.

ನಾನು ಕುಂಬಳಕಾಯಿ ತಂದು ನೇರವಾಗಿ ಒಡೆಯಲು ಎತ್ತಿದೆ. ನಿಶಾ ತಡೆದಳು. "ಅಂಕಲ್, ನೋ, ಫಸ್ಟ್ ಸರ್ಕಲ್ ಮಾಡ್ಬೇಕು. ತ್ರೀ ಟೈಮ್ಸ್. ನಾವು ಲಾಸ್ಟ್ ಇಯರ್ ಮಾಡಿದ್ವಿ."

ಎಲ್ಲಿ ಮಾಡಿದಿರಿ ಅಂತ ಕೇಳಿದೆ. ಅವಳು ಅಂಚೆ ಪೆಟ್ಟಿಗೆಯ ಕಡೆ ಕೈ ತೋರಿಸಿದಳು.

ಶಿಲ್ಪಾ ಛತ್ರಿ ಮಡಚಿ ವರಾಂಡಕ್ಕೆ ಬಂದಳು. "ನಿಮಗೆ ಗೊತ್ತಿರ್ಲಿಲ್ವಾ ಅಂಕಲ್? ಲಾಸ್ಟ್ ಇಯರ್ ನಾವೆಲ್ಲ ಬಂದಿದ್ವಿ. ಲೈಟ್ ಆಫ್ ಇತ್ತು, ಅಕ್ಕ ರೆಸ್ಟ್ ಮಾಡ್ತಿದಾರೆ ಅಂದ್ಕೊಂಡ್ವಿ. ಬೆಲ್ ಮಾಡಿದ್ರೆ ಅವ್ರು ಆ ಸ್ಥಿತೀಲೂ ಎದ್ದು ಬರ್ತಾರೆ ಅಂತ ಮಾಡ್ಲಿಲ್ಲ. ಆದ್ರೆ ಈ ಮಕ್ಕಳು ಮನೆಗೆ ಹೋಗೋಕೆ ಒಪ್ಪಲಿಲ್ಲ. ಡಾಕ್ಟರ್ ಅಕ್ಕನ ಪಂಪ್‌ಕಿನ್ ಒಡೀದೆ ಹೆಂಗೆ ಹೋಗೋದು ಅಂತ. ನಮ್ಮನೆಯಿಂದ ಅರಿಶಿನ, ಬೇಕಿಂಗ್ ಸೋಡಾ ತಂದು ಕಲಸಿದ್ರು. ಆಮೇಲೆ ನಾನೇ ಈ ಮನೆ ಕಡೆಗೆ ತಿರುಗಿ ಮೂರು ಸಲ ನಿವಾಳಿಸಿ ಒಡೆದೆ. ಅಷ್ಟು ವರ್ಷ ಎಲ್ಲರದ್ದೂ ಅವ್ರು ತೆಗೆದ್ರಲ್ಲ ಅಂಕಲ್, ಅವ್ರದ್ದು ಯಾರು ತೆಗೀಬೇಕು?"

ನಾನು ಹೋಗಿ ನಿನ್ನ ಕುರ್ಚಿಯಲ್ಲಿ ಕೂತೆ. ಆ ಧಡ್ ಅನ್ನುವ ಸದ್ದು ಕಸದ ಡಬ್ಬಿಯದಲ್ಲ. ನಾನು ಬೆಳಿಗ್ಗೆ ಬೈದು ಗುಡಿಸಿದ್ದು ಪುಂಡರ ಕೆಲಸವಲ್ಲ. ಅಲ್ಲೇ ಅವರೆದುರಿಗೇ ನನ್ನ ತಪ್ಪು ಒಪ್ಪಿಕೊಂಡೆ. ಅಕ್ಕ ಮಲಗಿರಲಿಲ್ಲ, ಬುಟ್ಟಿ ಹಿಡಿದು ನಿಮಗಾಗಿಯೇ ಕಾಯುತ್ತಿದ್ದಳು, ಲೈಟು ಆರಿಸಿದವನು ನಾನು ಅಂದೆ. ಶಿಲ್ಪಾ ಕಣ್ಣೊರೆಸಿಕೊಂಡು ನನ್ನ ಕೈಯಿಂದ ಕುಂಬಳಕಾಯಿ ತೆಗೆದು ಮಗಳ ಕೈಗೆ ಕೊಟ್ಟಳು. "ನಿಲ್ಲಿ ಅಂಕಲ್, ಅಲುಗಾಡ್ಬೇಡಿ" ಅಂತ ನಿಶಾ ನನಗೆ ಮೊದಲ ಸುತ್ತು ನಿವಾಳಿಸಿದಳು. ಈ ಮಾತು ಅವಳಿಗೆ ಹೇಗೆ ಗೊತ್ತು? ಎಷ್ಟು ವರ್ಷ ಕೇಳಿಸಿಕೊಂಡಿದ್ದಳೋ. ನಾನು ಈ ಸಲ ಗೊಣಗಲಿಲ್ಲ.

ಇವತ್ತು ಮಳೆ ಬಿಟ್ಟಿದೆ. ಡ್ರೈವ್‌ವೇ ತೊಳೆಯಲು ಕಸಬರಿಗೆ ತೆಗೆದುಕೊಳ್ಳಲು ಗ್ಯಾರೇಜಿಗೆ ಬಂದೆ. ಮೂಲೆಯಲ್ಲಿ ಹೋದ ವರ್ಷ ಒರಗಿಸಿಟ್ಟ ಹಾಗೇ ಇತ್ತು. ಲೈಟು ಹಾಕಿ ನೋಡಿದರೆ ಅದರ ಕಡ್ಡಿಗಳೆಲ್ಲ ಹಳದಿ. ಮಳೆಗೆ ಸೋಡಾ ತೊಳೆದುಹೋಗಿ ಉಳಿದ ಅರಿಶಿನದ ಹಳದಿ. ಒಂದು ವರ್ಷದಿಂದ ಅದು ಇಲ್ಲೇ ನಿಂತು ನನಗೆ ಸುದ್ದಿ ಹೇಳುತ್ತಿತ್ತು, ನಾನು ಕುರುಡನಂತೆ ಓಡಾಡಿಕೊಂಡಿದ್ದೆ. ಅದನ್ನು ತೊಳೆಯಲಿಲ್ಲ, ತೊಳೆಯುವುದೂ ಇಲ್ಲ. ಬೇರೆ ಕಸಬರಿಗೆ ತರುತ್ತೇನೆ. ಸ್ವಿಚ್ಚಿನ ಟೇಪನ್ನೂ ಕೀಳುವುದಿಲ್ಲ. ನಾನಿರುವವರೆಗೆ ಆ ಲೈಟು ಉರಿಯುತ್ತದೆ, ಮುಂದಿನ ವರ್ಷ ಮಳೆ ಬರಲಿ, ಹಿಮ ಬೀಳಲಿ. ನನ್ನನ್ನು ಕ್ಷಮಿಸುತ್ತೀಯೋ ಬಿಡುತ್ತೀಯೋ, ಅದು ನಿನಗೆ ಸೇರಿದ್ದು. ಆದರೆ ಆ ಸಂಜೆ ನೀನು ಖಾಲಿ ಬಾಗಿಲು ನೋಡಿ, 'ಇರ್ಲಿ ಬಿಡ' ಅಂತ ಬುಟ್ಟಿ ಕೊಟ್ಟು ಎದ್ದು ಹೋದೆಯಲ್ಲ, ಅದೊಂದನ್ನು ತಿದ್ದಲೇಬೇಕು.

ಬಂದಿದ್ದರು, ಅಕ್ಕಾ. ಅಂಥ ಮಳೆಯಲ್ಲೂ ಎಲ್ಲರೂ ಬಂದಿದ್ದರು. ನೀನು ಕೇಳಿದ ಸಪ್ಪಳ ಅವರದ್ದೇ.

ನಿನ್ನ ತಮ್ಮ